ಒಂದು ವೈರ್ ತೆಗೆದರೆ ಏನಾಗುತ್ತದೆ?

ನಾನಿರೋದು ಪುಣೆಯಲ್ಲಿ. ಹೋದ ವರ್ಷ ಮಗನ ಟ್ಯೂಷನ್‌ಗೆ ಅಂತ ಬ್ಯಾಟರಿ ಸ್ಕೂಟರ್ ನೋಡಲು ಹೋದೆ. ಅವನಿಗಾಗ 15 ವರ್ಷ. "ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ, ಇನ್ಶೂರೆನ್ಸ್ ಬೇಡ" ಅಂದ ಅಂಗಡಿಯವನು. ಆಮೇಲೆ ದನಿ ತಗ್ಗಿಸಿ, "ಈ ವೈರ್ ತೆಗೆದರೆ 45ರಲ್ಲಿ ಓಡುತ್ತೆ ಸರ್." ನಾನು "ತೆಗೀರಿ" ಅಂದೆ. ತಪ್ಪು ನನ್ನದು.

ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಏನು ಹೇಳುತ್ತವೆ ನೋಡಿ. ಮೋಟರ್‌ನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇದ್ದರೆ ಆ ಬ್ಯಾಟರಿ ಗಾಡಿ ಮೋಟಾರು ವಾಹನವೇ ಅಲ್ಲ. ಬ್ಯಾಟರಿ ತೆಗೆದು ತೂಕ 60 ಕಿಲೋ ಮೀರಬಾರದು. ಪೆಡಲ್ ಸೈಕಲ್‌ಗೆ ಮೋಟರ್ ಇದ್ದರೆ, 25 ತಲುಪಿದಾಗ ಅಥವಾ ಪೆಡಲ್ ನಿಲ್ಲಿಸಿದಾಗ ಮೋಟರ್ ನಿಲ್ಲಬೇಕು. ವಿನಾಯಿತಿ ಇರೋದು ಈ ಮಿತಿಗಳಿಗೆ. ಬ್ಯಾಟರಿ ಇದೆ ಅನ್ನೋದಕ್ಕಲ್ಲ.

ವೈರ್ ತೆಗೆದ ಕ್ಷಣದಿಂದ ನಮ್ಮದು ನೋಂದಣಿ ಇಲ್ಲದ, ವಿಮೆ ಇಲ್ಲದ ಮೋಟಾರು ವಾಹನ. ಓಡಿಸುವವನು ಅಪ್ರಾಪ್ತ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಮೋಟಾರು ವಾಹನದಲ್ಲಿ ಅಪರಾಧ ಮಾಡಿದರೆ ಪೋಷಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ.

ಇದೆಲ್ಲ ಓದಿದ್ದು ಆಮೇಲೆ. ಅದಕ್ಕೆ ಮೊದಲೇ, ನಮ್ಮ ಗಲ್ಲಿಯ ತಿರುವಿನಲ್ಲಿ ಮಗ ಒಬ್ಬ ಆಜಿಗೆ ಗುದ್ದಿದ. ಅವರ ಮಣಿಕಟ್ಟು ಮುರಿಯಿತು. ಆಸ್ಪತ್ರೆ ಖರ್ಚು ಕೊಟ್ಟೆ. ಅವರ ಮನೆಯವರು ದೂರು ಕೊಡಲಿಲ್ಲ, ಅದು ಅವರ ದೊಡ್ಡತನ. ಲೆಕ್ಕ ಸರಳ: ವೇಗ 25ರಿಂದ 45 ಆದರೆ ಡಿಕ್ಕಿಯ ಶಕ್ತಿ ಮೂರು ಪಟ್ಟಿಗಿಂತ ಹೆಚ್ಚಾಗುತ್ತೆ.

ಸವಾರರ ಮಾತೂ ಕೇಳಿದ್ದೀನಿ. ಬೆಳಗಿನ ಸೈಕಲ್ ಗೆಳೆಯರು "ಮೋಟರ್ ಇದ್ದರೆ ಅದು ಸೈಕಲ್ಲೇ ಅಲ್ಲ" ಅಂತಾರೆ. ಮೊಣಕಾಲು ನೋವಿರುವವರಿಗೆ ಆ ಮೋಟರೇ ಆಸರೆ. ಡೆಲಿವರಿ ಹುಡುಗ ಹೇಳಿದ, "ಅಂಕಲ್, 25ರಲ್ಲಿ ಹೋದರೆ ಹಿಂದಿನ ಬಸ್ಸು ಮೈಮೇಲೆ ಬರುತ್ತೆ." ಅವನ ಭಯ ಸುಳ್ಳಲ್ಲ. ಆದರೆ ಅದಕ್ಕೆ ಪರಿಹಾರ ನಂಬರ್ ಪ್ಲೇಟ್, ಲೈಸೆನ್ಸ್, ವಿಮೆ ಇರುವ ವೇಗದ ಗಾಡಿ. ಕದ್ದು ತೆಗೆದ ವೈರ್ ಅಲ್ಲ.

ನಮ್ಮ ಗಾಡಿಯ ವೈರ್ ಮತ್ತೆ ಹಾಕಿಸಿದೆ. ಕಾನೂನು ಕೇಳದಿದ್ದರೂ ಮಗ ಹೆಲ್ಮೆಟ್ ಹಾಕ್ತಾನೆ. "ಎಲ್ಲರೂ ನನ್ನ ಓವರ್‌ಟೇಕ್ ಮಾಡ್ತಾರಪ್ಪಾ" ಅಂತ ಗೊಣಗುತ್ತಾನೆ. ಮಾಡಲಿ ಬಿಡು ಅಂತೀನಿ. ಭಾನುವಾರ ಆಜಿಗೆ ತರಕಾರಿ ತಂದುಕೊಡೋದು ಈಗ ಅವನ ಕೆಲಸ.

ನಿಮ್ಮ ಮನೆಯ ಗಾಡಿಯ ವೈರ್ ಇದೆಯಾ? ಇವತ್ತೇ ನೋಡಿ.