ಸುಭದ್ರಮ್ಮ ಮನ್ಸೂರ: ಬಳ್ಳಾರಿಯ ಹಾಡುವ ನಟಿ

ಹಾಡು ಮತ್ತು ಅಭಿನಯ ಎರಡರಲ್ಲೂ ಹೆಸರಾದ ಕನ್ನಡ ವೃತ್ತಿರಂಗದ ನಟಿಯರಲ್ಲಿ ಬಳ್ಳಾರಿಯ ಸುಭದ್ರಮ್ಮ ಮನ್ಸೂರ ಪ್ರಮುಖರು. 1939ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ಬಣ್ಣ ಹಚ್ಚಿದರು. ಮುಂದೆ ಹಲವು ದಶಕಗಳ ಕಾಲ ರಂಗ ಬಿಡಲಿಲ್ಲ.

ಬಳ್ಳಾರಿಗೆ ನಾಟಕ ಹೊಸದಾಗಿರಲಿಲ್ಲ. ವಕೀಲ ಧರ್ಮವರಂ ರಾಮಕೃಷ್ಣಾಚಾರ್ಯರು ಇಲ್ಲಿ ಸರಸ ವಿನೋದಿನಿ ಸಭೆಯನ್ನು ಕಟ್ಟಿದ್ದರು. ಅವರ ಸೋದರಳಿಯ ಬಳ್ಳಾರಿ ರಾಘವ ಇಂಗ್ಲೆಂಡಿಗೂ ಹೋಗಿಬಂದ ನಟ. ಇವರಿಬ್ಬರದು ಓದುಬರಹ ಬಲ್ಲ ನಗರದವರ ಹವ್ಯಾಸಿ ರಂಗ. ಸುಭದ್ರಮ್ಮ ಬೆಳೆದದ್ದು ಹೊಟ್ಟೆಪಾಡೂ ಕಲೆಯೂ ಒಂದೇ ಆಗಿದ್ದ ವೃತ್ತಿರಂಗದಲ್ಲಿ.

ಅವರಿಗೆ ಹೆಚ್ಚು ಹೆಸರು ತಂದದ್ದು ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯ ದ್ರೌಪದಿ. ಕುರುಕ್ಷೇತ್ರ ಯುದ್ಧ ಮುಗಿಯುವ ಹೊತ್ತಿಗೆ ಅಶ್ವತ್ಥಾಮ ಪಾಂಡವರ ಶಿಬಿರಕ್ಕೆ ನುಗ್ಗಿ, ದ್ರೌಪದಿಯ ಮಕ್ಕಳಾದ ಉಪಪಾಂಡವರನ್ನು ಮಲಗಿದ್ದಲ್ಲೇ ಕೊಲ್ಲುವ ಕಥೆ ಅದು. ಸೇಡಿಗಾಗಿ ವರ್ಷಗಟ್ಟಲೆ ಕಾದವಳು ಗೆದ್ದ ರಾತ್ರಿಯೇ ಮಕ್ಕಳನ್ನು ಕಳೆದುಕೊಳ್ಳುತ್ತಾಳೆ. ಆರ್ಭಟದ ಮಾತಿನಿಂದ ತಾಯಿಯ ಗೋಳಿಗೆ ಇಳಿಯಬೇಕಾದ ಇಂಥ ಪಾತ್ರಕ್ಕೆ ಬರೀ ಗಟ್ಟಿ ದನಿ ಸಾಲದು. ಮಾತು ಎಲ್ಲಿ ನಿಂತು ಹಾಡು ಎಲ್ಲಿ ಎದ್ದಿತು ಎಂಬುದು ತಿಳಿಯಬಾರದು. ರಂಗಗೀತೆಯ ಕಷ್ಟವೇ ಅದು, ಸೊಗಸೂ ಅದೇ.

ವೃತ್ತಿ ನಾಟಕ ಕಂಪನಿಗಳು ಸೊರಗಿದ ಮೇಲೂ ಈ ಕಲೆ ಉಳಿದದ್ದು ಹಳ್ಳಿಗಳಿಂದ. ಮೋಕ, ಸಿರುಗುಪ್ಪ, ಕುರುಗೋಡು ಕಡೆಯ ಊರುಗಳಲ್ಲಿ ಜಾತ್ರೆ, ಹಬ್ಬಗಳಿಗೆ ನಾಟಕವಾಡುವ ರೂಢಿ ಇದೆ. ಊರಿನ ಗಂಡಸರು ಮಾಸ್ತರರ ಮುಂದೆ ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ; ಸ್ತ್ರೀಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಹಾಗೆ ಬಂದ ನಟಿಗೆ ಎದುರು ನಿಂತ ಭೀಮ ಹಗಲು ಹೊಲದಲ್ಲಿ ದುಡಿದ ರೈತ. ಹಾರ್ಮೋನಿಯಂ ಮಾಸ್ತರರು ಹೊಸಬರು. ಮಾತು ಮರೆತವನಿಗೆ ತಾನೇ ಎತ್ತಿಕೊಡಬೇಕು, ಶ್ರುತಿ ಏರಿಳಿದರೆ ಹೊಂದಿಕೊಳ್ಳಬೇಕು, ಬೆಳಗಿನವರೆಗೆ ದನಿ ಕಾಯ್ದುಕೊಳ್ಳಬೇಕು. ಇಂಥ ಕಲಾವಿದೆಯರ ದುಡಿಮೆಗೆ ರಂಗಚರಿತ್ರೆಯಲ್ಲಿ ಸಿಕ್ಕಿರುವ ಜಾಗ ತೀರ ಕಡಿಮೆ. ನಗರದ ಸಭೆಗಳ ಬಗ್ಗೆ ಬರೆದಷ್ಟು ಇವರ ಬಗ್ಗೆ ಯಾರೂ ಬರೆದಿಲ್ಲ.

ಸುಭದ್ರಮ್ಮ 2020ರ ಜುಲೈನಲ್ಲಿ ಬಳ್ಳಾರಿಯಲ್ಲಿ ತೀರಿಕೊಂಡರು. ಅವರ ತಲೆಮಾರಿನ ಕಂಪನಿ ಹಾಡುಗಳಲ್ಲಿ ಅನೇಕವು ಬಾಯಿಂದ ಬಾಯಿಗೆ ಬಂದವು. ಅವನ್ನು ಬಲ್ಲ ಹಿರಿಯ ನಟಿಯರೂ ಹಾರ್ಮೋನಿಯಂ ಮಾಸ್ತರರೂ ನಿಮ್ಮ ಊರಲ್ಲಿದ್ದರೆ, ಇಂದೇ ಕೂರಿಸಿಕೊಂಡು ಹಾಡಿಸಿ, ಧ್ವನಿಮುದ್ರಿಸಿ ಇಡಿ.