ಗ್ರಾಮಸಭೆ ಮತ್ತು ನೊಂದವರ ನೆರವು

ಪುತ್ತೂರು, ಸುಳ್ಯ, ಇವೆರಡರಿಂದ ಬೇರ್ಪಟ್ಟು ಇತ್ತೀಚೆಗೆ ತಾಲೂಕಾದ ಕಡಬ - ಈ ಮೂರು ಕಡೆಯ ಯಾವ ಗ್ರಾಮಸಭೆಗೆ ಹೋಗಿ ಕುಳಿತರೂ ಚರ್ಚೆಯ ವಿಷಯಗಳು ಹೆಚ್ಚುಕಡಮೆ ಒಂದೇ. ತೋಟಕ್ಕಿಳಿದ ಆನೆ, ಮುರಿದ ಮೋರಿ, ಉರಿಯದ ಬೀದಿದೀಪ, ಕುಮ್ಕಿ ಜಮೀನಿನ ತಕರಾರು. ಇವೆಲ್ಲ ಆಡಬೇಕಾದ ಮಾತುಗಳೇ ಸರಿ. ಆದರೆ ಅದೇ ಊರಿನಲ್ಲಿ ಪೆಟ್ಟು ತಿಂದ ಒಬ್ಬ ಹೆಣ್ಣುಮಗಳು, ಹೆದರಿ ಮುದುಡಿದ ಒಂದು ಮಗು ಇರಬಹುದು. ಅಂಥವರಿಗೆ ನೆರವಾಗಲೆಂದು ಸರಕಾರ ನೇಮಿಸಿದ ಸಿಬ್ಬಂದಿ ಯಾರು, ಎಲ್ಲಿ ಸಿಗುತ್ತಾರೆ ಎಂದು ಕೇಳುವವರು ಮಾತ್ರ ಅಪರೂಪ.

ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾನೂನಿನಂತೆ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಸೇರತಕ್ಕದ್ದು. ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಪ್ರತಿಯೊಬ್ಬರೂ ಅದರ ಸದಸ್ಯರು. ಇಲಾಖೆಗಳ ಅಧಿಕಾರಿಗಳು ಅಲ್ಲಿಗೆ ಬಂದು ತಮ್ಮ ಕೆಲಸದ ವಿವರ ಹೇಳುವುದು ರೂಢಿ. ಅವರು ಬಾರದಿದ್ದರೆ ಸಭೆಯನ್ನೇ ಮುಂದೂಡಿ ಎಂದು ಗ್ರಾಮಸ್ಥರು ಪಟ್ಟು ಹಿಡಿಯುವುದೂ ನಮ್ಮ ಜಿಲ್ಲೆಗೆ ಹೊಸತಲ್ಲ. ರಸ್ತೆಯ ಇಂಜಿನಿಯರರಿಗಾಗಿ ಹಿಡಿಯುವ ಆ ಪಟ್ಟು ರಕ್ಷಣಾಧಿಕಾರಿಗಾಗಿಯೂ ಬೇಡವೆ?

ರಕ್ಷಣಾಧಿಕಾರಿ ಎಂದರೆ ಯಾರು? ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾನೂನು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ಕರ್ನಾಟಕದಲ್ಲಿ ಈ ಹೊಣೆಯನ್ನೂ ವಹಿಸಲಾಗಿದೆ. ನೊಂದವಳ ಮಾತು ಕೇಳಿ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳುಹಿಸುವುದು, ವೈದ್ಯರ ಬಳಿಗೆ ಕರೆದೊಯ್ಯುವುದು, ಬೇಕಾದರೆ ಆಶ್ರಯ ದೊರಕಿಸುವುದು ಇವರ ಕೆಲಸ. ಅರ್ಜಿ ಸೇರಿದ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನಗಳೊಳಗೆ ನಡೆಯಬೇಕು. 60 ದಿನಗಳೊಳಗೆ ತೀರ್ಮಾನ ಕೊಡಲು ನ್ಯಾಯಾಲಯ ಯತ್ನಿಸಬೇಕು. ಮಹಿಳೆಯರಿಗೂ ಮಕ್ಕಳಿಗೂ, ಅವರ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯು ವಕೀಲರನ್ನು ಉಚಿತವಾಗಿ ಒದಗಿಸುತ್ತದೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಹೇಳಿ ಸುಮ್ಮನಾಗುವವರಿದ್ದಾರೆ. ಉಣ್ಣುವ ಅನ್ನವನ್ನೇ ಕಸಿದುಕೊಂಡು ಮನೆಯಿಂದ ಹೊರಗೆ ನೂಕಿದವಳಿಗೆ ಆ ಗಾದೆ ಯಾವ ಸಮಾಧಾನ ಹೇಳೀತು? ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದರೆ ನೆರೆಯವರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡಲು ಬರುವುದಿಲ್ಲ ಎಂದು ಕಾನೂನೇ ಅಭಯ ಕೊಟ್ಟಿದೆ.

ಇಲ್ಲಿ ಒಂದು ಎಚ್ಚರ ಅಗತ್ಯ. ನೊಂದವರ ಕಥೆಯನ್ನು ಸಭೆಯಲ್ಲಿ ಎತ್ತಬಾರದು. ಅತ್ಯಾಚಾರಕ್ಕೊಳಗಾದವರ ಅಥವಾ ಲೈಂಗಿಕ ದೌರ್ಜನ್ಯಕ್ಕೆ ತುತ್ತಾದ ಮಗುವಿನ ಗುರುತನ್ನು ಪ್ರಕಟಿಸುವುದೇ ಅಪರಾಧ. ಹೆಸರು ಹೇಳದೆ ಇಂಥ ಮನೆಯ ಹುಡುಗಿ ಎಂದರೂ ಊರಿನಲ್ಲಿ ಗುರುತು ಸಿಕ್ಕಿಯೇ ಸಿಗುತ್ತದೆ. ಸಂಗತಿ ಗುಟ್ಟಾಗಿಯೇ ಇರಲಿ. ಸೇವೆಯ ಲೆಕ್ಕ ಬಹಿರಂಗವಾಗಲಿ. ರಕ್ಷಣಾಧಿಕಾರಿ ಸಭೆಗೆ ಬಂದಿದ್ದಾರೆಯೆ? ಹುದ್ದೆ ಖಾಲಿ ಬಿದ್ದರೆ ಬದಲಿಗೆ ಯಾರು? ಒಬ್ಬಳೇ ಹೋಗಿ ಮಾತನಾಡಲು ಮರೆಯಾದ ಕೋಣೆ ಉಂಟೆ? ಮನೆಯಲ್ಲಿ ತುಳು, ಅರೆಭಾಷೆ, ಬ್ಯಾರಿ, ಮಲೆಯಾಳ ಆಡುವವಳ ಮಾತನ್ನು ಅವಳ ನುಡಿಯಲ್ಲೇ ಕೇಳಿ ಕನ್ನಡದಲ್ಲಿ ಬರೆದುಕೊಳ್ಳುವವರು ಯಾರು? ಇವು ಯಾರ ಮಾನಕ್ಕೂ ಕುಂದು ತಾರದ ಪ್ರಶ್ನೆಗಳು. ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಯಿಸಿದರೆ ಮುಂದಿನ ಸಭೆಯಲ್ಲಿ ಮತ್ತೆ ಕೇಳಲು ಆಧಾರವಾಗುತ್ತದೆ.

ದೂರದ ಮಾತನ್ನೂ ಮರೆಯುವಂತಿಲ್ಲ. ವೈದ್ಯರು, ವಕೀಲರು, ಆಪ್ತಸಲಹೆಗಾರರು, ಪೊಲೀಸರ ನೆರವು ಒಂದೇ ಸೂರಿನಡಿ ಸಿಗಲೆಂದು ಕೇಂದ್ರ ಸರಕಾರ 2015ರಲ್ಲಿ ಆರಂಭಿಸಿದ ಯೋಜನೆಯ ‘ಸಖಿ’ ಕೇಂದ್ರ ನಮಗೆ ಇರುವುದು ಮಂಗಳೂರಿನಲ್ಲಿ. ಸುಬ್ರಹ್ಮಣ್ಯದ ಕಡೆಯವಳಿಗೆ ಅದು ನೂರು ಕಿಲೋಮೀಟರಿನ ದಾರಿ. ಕೈಯಲ್ಲಿ ಬಸ್ಸಿನ ಹಣವಿಲ್ಲದೆ, ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಹೊರಟವಳಿಗೆ ತಾಲೂಕಿನ ಸಿಬ್ಬಂದಿಯೇ ಮೊದಲ ಆಸರೆ.

ಮಕ್ಕಳಿಗೂ ತಮ್ಮದೇ ಸಭೆ ಉಂಟು. 2006ರಿಂದ ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯುತ್ತ ಬಂದಿವೆ. ಅಲ್ಲಿ ಮಕ್ಕಳ ಸಹಾಯವಾಣಿ 1098ನ್ನು ಬಾಯಿಪಾಠ ಮಾಡಿಸಬಹುದು. 2012ರ ಪೋಕ್ಸೊ ಕಾನೂನಿನಡಿ ವಿಚಾರಣೆಯುದ್ದಕ್ಕೂ ಮಗುವಿನ ಜೊತೆಗಿರಲು ಒಬ್ಬ ಸಹಾಯಕ ವ್ಯಕ್ತಿಯನ್ನು ಮಕ್ಕಳ ಕಲ್ಯಾಣ ಸಮಿತಿ ನೇಮಿಸಬಹುದು ಎಂಬುದನ್ನು ತಂದೆತಾಯಂದಿರಿಗೆ ತಿಳಿಸಬಹುದು.

ಪೇಟೆಯಲ್ಲಿ ಕುಳಿತು ರೇಡಿಯೋ ಕೇಳುವವರಿಗೆ ಗ್ರಾಮಸಭೆ ದೂರದ ಸಂಗತಿ ಎನಿಸೀತು. ಆದರೆ ನಮ್ಮ ಮನೆಗೆಲಸಕ್ಕೆ ಬರುವಾಕೆ, ಅಂಗಡಿಯಲ್ಲಿ ದುಡಿಯುವ ಹುಡುಗಿ, ಹಬ್ಬಕ್ಕೆ ಬರುವ ನೆಂಟರು ಆ ಊರುಗಳವರೇ ಅಲ್ಲವೆ? ತುರ್ತಿಗೆ 112, ಮಹಿಳೆಯರಿಗೆ 181, ಕಾನೂನಿನ ನೆರವಿಗೆ 15100 - ಈ ಸಂಖ್ಯೆಗಳನ್ನು ಅವರಿಗೆ ಬರೆದುಕೊಡಿ. ಮುಂದಿನ ಗ್ರಾಮಸಭೆಯಲ್ಲಿ ರಕ್ಷಣಾಧಿಕಾರಿಯ ಹೆಸರು ಕೇಳಿಕೊಂಡು ಬರಲು ಹೇಳಿ. ಆ ಹೆಸರು ಪಂಚಾಯತ್ ಗೋಡೆಯ ಮೇಲೆ ಬರೆದಿದ್ದರೆ, ಅದನ್ನು ಓದಿಕೊಂಡು ಹೋಗುವವಳು ತನ್ನ ಕಷ್ಟವನ್ನು ಯಾರ ಮುಂದೆಯೂ ಹೇಳಿಕೊಳ್ಳಬೇಕಾಗಿಲ್ಲ.