ಕಾಂಚನ್ ಗಡಿಯಾರದ ಮುಖ

ಹಳೆಯ ಕೈಗಡಿಯಾರಗಳನ್ನು ಸಂಗ್ರಹಿಸುವವರೆಂದರೆ ಸ್ವಿಟ್ಜರ್‌ಲೆಂಡಿನ ಹೆಸರುಗಳನ್ನು ಜಪಿಸುವ ಸಿರಿವಂತರೆಂಬ ಭಾವನೆ ಜನರಲ್ಲಿದೆ. ಚಳ್ಳಕೆರೆ ಸೀಮೆಯ ನನ್ನಿವಾಳದಲ್ಲಿ ಕುಳಿತು ಈ ಹವ್ಯಾಸವನ್ನು ಬೆಳೆಸಿಕೊಂಡ ನನಗೆ ಆ ಹೆಸರುಗಳು ದೂರದವು. ನನ್ನ ಪೆಟ್ಟಿಗೆಯಲ್ಲಿರುವುವು ಎಚ್.ಎಂ.ಟಿ.ಯವು, ಅದರಲ್ಲಿಯೂ ಸ್ವಯಂಚಾಲಿತವಾದವು.

ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಉದ್ಯಮ 2016ರಲ್ಲಿ ಕೊನೆಗೊಂಡಿತು. ಜನತಾ, ಪೈಲಟ್ ಮುಂತಾದವಕ್ಕೆ ಪ್ರತಿದಿನ ಕೀಲಿ ಕೊಡಬೇಕು. ಕಾಂಚನ್‌ಗೆ ಆ ಉಪಚಾರ ಬೇಡ. ಒಳಗಿರುವ ಅರ್ಧಚಂದ್ರಾಕಾರದ ತೂಕದ ತಟ್ಟೆ ತೋಳಿನ ಚಲನೆಗೆ ತಿರುಗಿ, ಸುರುಳಿಯನ್ನು ತಾನೇ ಬಿಗಿಯುತ್ತದೆ. ಇಂಗ್ಲೆಂಡಿನ ಜಾನ್ ಹಾರ್‌ವುಡ್ 1920ರ ದಶಕದಲ್ಲಿ ಕೈಗಡಿಯಾರಕ್ಕೆ ಅಳವಡಿಸಿದ ತತ್ತ್ವದ ಸುಧಾರಿತ ರೂಪವಿದು.

ತೋಳು ಆಡಿಸಿ ದುಡಿಯುವ ರೈತನಿಗೆ ಇದಕ್ಕಿಂತ ಒಪ್ಪುವ ಯಂತ್ರ ಯಾವುದು? ಆದರೆ ನಮ್ಮ ಕಡೆ ಕಾಂಚನ್ ಬರುತ್ತಿದ್ದುದು ವರೋಪಚಾರದಲ್ಲಿ. ಅದನ್ನು ಕಟ್ಟಿಕೊಂಡು ಶೇಂಗಾ ಕೀಳುವವರುಂಟೆ? ಮದುವೆಗೆ, ಜಾತ್ರೆಗೆ, ಚಳ್ಳಕೆರೆಯ ಮಂಡಿಗೆ ಹೋಗುವಾಗ ಮಾತ್ರ ಅದು ಹೊರಬರುತ್ತಿತ್ತು. ಮಿಕ್ಕ ದಿನಗಳಲ್ಲಿ ಟ್ರಂಕಿನೊಳಗೆ ನಿಂತುಹೋಗಿರುತ್ತಿತ್ತು. ದುಡಿಯದ ಕಾರಣದಿಂದಲೇ ಅನೇಕವು ಇಂದಿಗೂ ಉಳಿದಿವೆ. ಎಣ್ಣೆ ಒಣಗಿದೆ, ಅಷ್ಟೆ. ಅಂಥದನ್ನು ಸ್ವಚ್ಛಗೊಳಿಸದೆ ಅಲುಗಿಸಿ ಓಡಿಸಬಾರದು. ಸಣ್ಣ ಅಚ್ಚುಗಳು ಸವೆಯುತ್ತವೆ.

ಕಾಂಚನ್ ಲೆಕ್ಕದಲ್ಲಿ ಅಪರೂಪವಲ್ಲ. ಅಪರೂಪವಾದುದು ಅದರ ಮುಟ್ಟದ ಮುಖ. ಹಳೆಯ ಎಚ್.ಎಂ.ಟಿ. ಮುಖಫಲಕಗಳಿಗೆ ಹೊಸ ಬಣ್ಣ ಬಳಿದು ಮಾರುವ ವ್ಯಾಪಾರ ಇಂದು ದೊಡ್ಡದಾಗಿ ಬೆಳೆದಿದೆ. ಕಾರ್ಖಾನೆ ಎಂದೂ ಕಾಣದ ನೀಲಿ, ಕಿತ್ತಳೆ ಬಣ್ಣಗಳು! ಭೂತಗನ್ನಡಿ ಹಿಡಿದರೆ ಅಕ್ಷರಗಳ ಅಂಚು ಹರಡಿಕೊಂಡಿರುತ್ತದೆ. ನಿಮಿಷದ ಗೆರೆಗಳು ಗಂಟೆಯ ಗುರುತುಗಳ ನೇರಕ್ಕೆ ಕೂಡುವುದಿಲ್ಲ. ಒಮ್ಮೆ ಅಳಿಸಿದ ಅಚ್ಚನ್ನು ಮತ್ತೆ ತರಲಾಗದು. ಅದನ್ನು ಒತ್ತಿದ ಕಾರ್ಖಾನೆಯೇ ಈಗಿಲ್ಲ.

ಕಳೆದ ವರ್ಷ ನಮ್ಮೂರಿನ ಹಿರಿಯರೊಬ್ಬರು ತಮ್ಮ ಕಾಂಚನ್ ತಂದರು. ಫಲಕ ಹೊಗೆ ಹಿಡಿದಂತೆ ಹಳದಿಗಟ್ಟಿತ್ತು. ಮೊಮ್ಮಗನ ಮದುವೆ ಹತ್ತಿರವಿತ್ತು. ಅದನ್ನು ಹೊಸದು ಮಾಡಿಸಿ ವರನಿಗೆ ಕಟ್ಟುವುದೆಂದು ಮನೆಯವರ ಆಸೆ.

“ನಮ್ಮ ಮಾವ ಕೊಟ್ಟಿದ್ದಪ್ಪ. ಮುಖ ಒಂದು ಬಣ್ಣ ಮಾಡಿಸಿದರೆ ತಪ್ಪೇನು?” ಎಂದರು.

“ಬಣ್ಣ ಬಳಿದ ಮೇಲೆ ನಿಮ್ಮ ಮಾವ ಕೊಟ್ಟ ಮುಖ ಉಳಿಯುವುದಿಲ್ಲ, ತಾತ” ಎಂದೆ. ಇದ್ದಂತೆಯೇ ಮಾರಿದರೆ ಎಷ್ಟು ಸಿಗುವುದೆಂಬುದನ್ನೂ ಮುಚ್ಚಿಡದೆ ಹೇಳಿದೆ. ಬೆಲೆ ಅಡಗಿಸಿ ಕೊಂಡುಕೊಳ್ಳುವವನನ್ನು ಸಂಗ್ರಾಹಕನೆಂದು ಕರೆಯಲು ನನಗೆ ಮನಸ್ಸಿಲ್ಲ.

ಅವರು ಬಹಳ ಹೊತ್ತು ಯೋಚಿಸಿ, ಒಳಗನ್ನು ಶುಚಿಮಾಡಿಸಲು, ಗಾಜು ಬದಲಿಸಲು ಒಪ್ಪಿದರು. ಮಾರಲೂ ಇಲ್ಲ. ವಾರವನ್ನು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ತೋರಿಸುವ ಆ ಗಡಿಯಾರ ಹಳದಿ ಮುಖದಿಂದಲೇ ಹಸೆಯ ಮೇಲೆ ಕುಳಿತಿತು. ದಿನಕ್ಕೆ ಅರ್ಧ ನಿಮಿಷ ಮುಂದೋಡುತ್ತದೆಯೆಂದು ಹುಡುಗ ದೂರುತ್ತಿದ್ದಾನೆ. ಮುಂದಿನ ಸಲ ಊರಿಗೆ ಬಂದಾಗ ತರಲು ಹೇಳಿದ್ದೇನೆ.